ಇಟ್ಟಿಗೆಯ ಗುಣ, ಇಟ್ಟಿಗೆಯ ಧರ್ಮ

ಬೆಂಗಳೂರಿನ ನಾಗಸಂದ್ರಕ್ಕೆ 2015ರಲ್ಲಿ ಮೆಟ್ರೋ ಬಂದ ಮೇಲೆ, ನಿಲ್ದಾಣದಿಂದಿಳಿದು, ತುಮಕೂರು ರಸ್ತೆಯ ಲಾರಿಗಳ ಆರ್ಭಟವನ್ನು ಬೆನ್ನಿಗೆ ಬಿಟ್ಟು ಒಳಬೀದಿಗೆ ಹೊರಳಿದವರಿಗೆ, ಎಲ್ಲಿಯಾದರೊಂದು ಮನೆ ಏಳುತ್ತಿರುವುದು ಕಾಣದೆ ಇರದು. ಅಂತಹದೊಂದು ಮನೆಯ ಮುಂದೆ, ಆಗತಾನೆ ಇಳಿಸಿದ ಇಟ್ಟಿಗೆಯ ರಾಶಿಯಿಂದ ಎರಡನ್ನೆತ್ತಿಕೊಂಡ ಮೇಸ್ತ್ರಿಯೊಬ್ಬನು ಒಂದನ್ನೊಂದಕ್ಕೆ ತಟ್ಟಿ, ಕಂಚಿನ ತಟ್ಟೆಯಂತೆ 'ಕಣ್' ಎಂದುದಕ್ಕೆ ತಲೆದೂಗಿ, ಮತ್ತೊಂದು ಜೊತೆ 'ಬದ್' ಎಂದಾಗ ಮುಖ ಸಿಂಡರಿಸಿ, "ಇವು ಬೆಂದಿಲ್ಲ ಸಾರ್, ಮಳೆ ಬಂದ್ರೆ ನೀರು ಕುಡೀತವೆ" ಎಂದುದನ್ನು ನಾನು ಕೇಳಿದೆನು. ಕಣ್ಣಿಗೆ ಎಲ್ಲವೂ ಒಂದೇ ಕೆಂಪು, ಒಂದೇ ಅಳತೆ. ಅವನು ನಂಬಿದುದು ಕಿವಿಯನ್ನು.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ನಮ್ಮ ಶಿಲ್ಪಶಾಸ್ತ್ರಗಳು ಕಲ್ಲನ್ನು ಬಡಿದು, ಅದರ ನಾದದಿಂದಲೇ ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆಗಳೆಂದು ವಿಂಗಡಿಸಿ, ಘಂಟೆಯಂತೆ ಮೊಳಗುವುದನ್ನು ವಿಗ್ರಹಕ್ಕೂ, ಮಂದಸ್ವರದ್ದನ್ನು ಪೀಠಕ್ಕೂ, ನಾದವೇ ಇಲ್ಲದುದನ್ನು ತಳಕ್ಕೂ ವಿಧಿಸಿದುವು. ಬಿರುಕಿಲ್ಲದ ಸಾಂದ್ರಕಾಯದಲ್ಲಿ ಮಾತ್ರವೇ ಕಂಪನವು ತಡೆಯಿಲ್ಲದೆ ಹರಿಯುವುದೆಂಬುದು ಇದರ ಭೌತಕಾರಣ. ಇಂದಿನ ಎಂಜಿನಿಯರನು ಶ್ರವಣಾತೀತ ತರಂಗವನ್ನು ಕಂಬದೊಳಗೆ ಹಾಯಿಸಿ ಅದರ ವೇಗವನ್ನಳೆಯುವುದೂ ಈ ಕಾರಣದಿಂದಲೇ. ನಾದವಷ್ಟೇ ಅಲ್ಲ, ಕಲ್ಲಿನ ಗಡಸುತನವೂ ಲೆಕ್ಕಕ್ಕೆ ಬರುತ್ತಿತ್ತು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲು ಸಿಕ್ಕಿದ್ದರಿಂದ ಹಳೇಬೀಡಿನ ಶಿಲ್ಪಿಯು ಹಾರದ ಮಣಿಮಣಿಯನ್ನೂ ಬಿಡಿಸಿ ಕೊರೆದನು. ಶ್ರವಣಬೆಳಗೊಳದವನಾದರೋ ಗಡಸು ಕಣಶಿಲೆಯಲ್ಲಿ ಸುಮಾರು 58 ಅಡಿಯ ಗೊಮ್ಮಟನನ್ನು ನಿರಾಭರಣನಾಗಿ ನಿಲ್ಲಿಸಿದನು. ದಿಗಂಬರತ್ವವು ಮತದ ನಿರ್ಣಯವೆಂಬುದು ನಿಜ. ಆದರೂ ಆ ನಿರ್ಣಯಕ್ಕೆ ಕಲ್ಲೂ ಸಮ್ಮತಿಯಿತ್ತಿತೆಂದೇ ನನ್ನ ಭಾವನೆ.

ಸಾಮಗ್ರಿಗಳ ಇಂತಹ ಲಕ್ಷಣಗಳನ್ನು ಕನ್ನಡದ ಪಠ್ಯಪುಸ್ತಕಗಳು 'ಗುಣಧರ್ಮ'ಗಳೆಂದು ಕರೆಯುತ್ತವೆ. ಯೋಚಿಸಿ ಬರೆದರೋ ಇಲ್ಲವೋ, ಬರೆದವರು ಆ ಸಮಾಸದೊಳಗೆ ಒಂದು ದೊಡ್ಡ ಪ್ರಶ್ನೆಯನ್ನೇ ಇರಿಸಿಬಿಟ್ಟಿದ್ದಾರೆ. ಗುಣವಿರಲಿ, ಜಡಕ್ಕೆ ಧರ್ಮವುಂಟೆ?

ಗುಣದ ಲೆಕ್ಕವನ್ನು ವೈಶೇಷಿಕ ದರ್ಶನದವರು ಬಹು ಹಿಂದೆಯೇ ಮಾಡಿಟ್ಟರು. ಅವರಲ್ಲೊಬ್ಬನಾದ ಪ್ರಶಸ್ತಪಾದನೆಣಿಸಿದ 24 ಗುಣಗಳಲ್ಲಿ ಗುರುತ್ವ, ದ್ರವತ್ವ, ಸ್ನೇಹ (ಎಂದರೆ ಜಿಗುಟು)ಗಳು ಸೇರಿವೆ. ಬಾಗಿಸಿದುದು ಮರಳಿ ನೇರವಾಗುವ ಸ್ಥಿತಿಸ್ಥಾಪಕವು ಅವುಗಳಲ್ಲೊಂದಾದ ಸಂಸ್ಕಾರವೆಂಬ ಗುಣದ ಒಂದು ಭೇದ. ಗುಣವು ದ್ರವ್ಯದಲ್ಲಿ ನೆಲಸಿರುವುದು ಸಮವಾಯವೆಂಬ ಸಂಬಂಧದಿಂದ ಎಂದು ಅವರು ಹೇಳಲು, ಶಂಕರಾಚಾರ್ಯರು, ಆ ಸಮವಾಯವನ್ನು ಕೂಡಿಸಲು ಇನ್ನೊಂದು ಸಂಬಂಧ, ಅದಕ್ಕೆ ಮತ್ತೊಂದು ಎಂದು ಕೊನೆಯೇ ಇಲ್ಲದಂತಾಗುವುದಷ್ಟೆ ಎಂದು ಆಕ್ಷೇಪಿಸಿದರು. ಇಟ್ಟಿಗೆಯನ್ನು ಗಾರೆ ಹಿಡಿದರೆ, ಗಾರೆಯನ್ನು ಇಟ್ಟಿಗೆಗೆ ಹಿಡಿಸುವುದು ಯಾವುದು? ನಾಗಸಂದ್ರದ ಮೇಸ್ತ್ರಿಯ ಉತ್ತರ ನೀರಿನ ತೊಟ್ಟಿಯಲ್ಲಿದೆ. ಒಣ ಇಟ್ಟಿಗೆಯು ಗಾರೆಯ ನೀರನ್ನೆಲ್ಲ ಹೀರಿ ಅದನ್ನು ಪುಡಿಯಾಗಿಸುವುದರಿಂದ, ಅವನು ಮೂರನೆಯದೊಂದು ಅಂಟನ್ನು ಹುಡುಕದೆ ಇಟ್ಟಿಗೆಯನ್ನೇ ಮೊದಲು ನೆನೆಸಿ ಸಿದ್ಧಗೊಳಿಸುತ್ತಾನೆ. ಗುಣವು ವಸ್ತುವಿನಿಂದ ಭಿನ್ನವಲ್ಲ, ಭಿನ್ನವೆಂಬ ವ್ಯವಹಾರವನ್ನು ವಸ್ತುವಿನೊಳಗಣ 'ವಿಶೇಷ'ವೇ ನಡೆಸುವುದೆಂದ ಮಧ್ವಾಚಾರ್ಯರು ಆ ತೊಟ್ಟಿಯ ಬಳಿ ನಿಂತಿದ್ದರೆ ಸಂತೋಷಪಡುತ್ತಿದ್ದರೇನೋ!

ಇನ್ನು ಧರ್ಮ. ತಾಳುವ, ಹೊರುವ ಅರ್ಥದ 'ಧೃ' ಧಾತುವಿನಿಂದ ಬಂದ ಮಾತಿದು. ಆ ಲೆಕ್ಕಕ್ಕೆ ಕಂಬಕ್ಕಿಂತ ಧರ್ಮಿಷ್ಠನಾರು? ಕಾಂಕ್ರೀಟು ಒತ್ತಡವನ್ನು ಎಷ್ಟು ತಾಳುವುದೋ ಎಳೆತದಲ್ಲಿ ಸುಮಾರು ಅದರ ಹತ್ತನೆಯ ಒಂದು ಪಾಲಿಗೇ ಬಿರಿಯುತ್ತದೆ. ಅದಕ್ಕೆಂದೇ ಉಕ್ಕಿನ ಕಂಬಿ, ಮತ್ತು ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಅವುಗಳ ಸಂಸಾರ ಒಡೆಯದು. ತನ್ನ ಮಿತಿಯನ್ನು ಕಾಂಕ್ರೀಟು ಯಾರಿಗೂ ಮರೆಮಾಚಿದುದಿಲ್ಲ. ಆದರೆ ಮೀರುವ ಸ್ವಾತಂತ್ರ್ಯವಿದ್ದವನಿಗೆ ಮಾತ್ರ ಧರ್ಮಾಧರ್ಮಗಳು ಸಲ್ಲುವುದಾದರೆ, ಜಡಕ್ಕಿರುವುದು ಸ್ವಭಾವವೊಂದೇ. ಆ ಸ್ವಭಾವವನ್ನು ಬಲ್ಲವನ ಹೆಗಲಿಗೆ ಧರ್ಮವು ಬಂದು ಕೂರುತ್ತದೆಂದು ನಾನು ತಿಳಿದಿದ್ದೇನೆ.

ನನ್ನ ಮನೆ ಕಟ್ಟಿಸುವಾಗ ಗುತ್ತಿಗೆದಾರನು ಬಲದ ಪರೀಕ್ಷೆಗೆಂದು 150 ಮಿಲಿಮೀಟರಿನ ಮೂರು ಕಾಂಕ್ರೀಟು ಕ್ಯೂಬುಗಳನ್ನು ಹೊಯ್ದು, 28 ದಿನ ತೊಟ್ಟಿಯ ನೀರಿನಲ್ಲಿ ಕೂಸಿನಂತೆ ಜೋಪಾನ ಮಾಡಿ, ಯಂತ್ರದಲ್ಲಿ ಒಡೆಸಿ, ನೆಟ್ಟಗಿನ ಅಂಕಿಯ ಪತ್ರವನ್ನು ತಂದುಕೊಟ್ಟನು. ಅದೇ ಕಾಂಕ್ರೀಟಿನ ಕಂಬಕ್ಕೆ ಸುತ್ತಿದ್ದ ಗೋಣಿತಾಟು ಮೂರನೆಯ ದಿನವೇ ಒಣಗಿ ಗರಿಗರಿಯಾಗಿತ್ತು. ಪತ್ರದ ಅಂಕಿ ಸುಳ್ಳಲ್ಲ, ಕಂಬದ್ದಲ್ಲ, ಅಷ್ಟೆ.

ನಮ್ಮ ದೇಶದ ಮಾನಕಸಂಹಿತೆಯು ಸಾಧಾರಣ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಹಾರುಬೂದಿ ಮೊದಲಾದುವು ಬೆರೆತ ಸಿಮೆಂಟಿನದಕ್ಕೆ ಕನಿಷ್ಠ 10 ದಿನ ತೇವವಿರಬೇಕೆಂದು ವಿಧಿಸಿದೆ. ಮನೆ ಕಟ್ಟಿಸುವವರು ಸಿಮೆಂಟು ಯಾವುದೆಂದು ಚೀಲದ ಮೇಲಿನ ಅಕ್ಷರವನ್ನೊಮ್ಮೆ ಓದಿ, ಅಷ್ಟು ದಿನವೂ ಕಂಬಕ್ಕೆ ನೀರು ಹಾಕಿಸಬೇಕಾಗಿ ಪ್ರಾರ್ಥನೆ.