ಹತ್ತು ಹಾಡು, ನೂರು ಪೌಂಡು

1902ರ ಏಪ್ರಿಲ್ ತಿಂಗಳು. ಇಟಲಿಯ ಮಿಲಾನ್ ಊರಿನ ಗ್ರ್ಯಾಂಡ್ ಹೋಟೆಲಿನ ಒಂದು ಕೋಣೆ. ಗೋಡೆಯ ಕಡೆಯಿಂದ ತಗಡಿನ ಕೊಳವೆಯೊಂದು ಬಾಯಿ ತೆರೆದುಕೊಂಡು ನಿಂತಿದೆ. ಪಿಯಾನೊವನ್ನು ಮರದ ಪೆಟ್ಟಿಗೆಯ ಮೇಲೆ ಎತ್ತಿ ಇಟ್ಟಿದ್ದಾರೆ, ಅದರ ನಾದ ನೇರ ಕೊಳವೆಯೊಳಗೆ ಬೀಳಲಿ ಎಂದು. ಆಗ ಮೈಕ್ ಇಲ್ಲ, ವಿದ್ಯುತ್ತಿನ ಹಂಗೂ ಇಲ್ಲ. ಹಾಡುವವನ ಉಸಿರಿನ ಬಲಕ್ಕೆ ತೆಳು ಪೊರೆಯೊಂದು ನಡುಗಬೇಕು, ಆ ನಡುಕವನ್ನು ಸೂಜಿ ಮೇಣದ ತಟ್ಟೆಯ ಮೇಲೆ ಕೊರೆಯಬೇಕು. ಅಷ್ಟೇ ಯಂತ್ರ.

ಆ ಕೋಣೆಗೆ ಎನ್ರಿಕೊ ಕರುಸೊ ಎಂಬ 29ರ ತರುಣ ಹಾಡಲು ಬಂದ. ನೇಪಲ್ಸಿನ ಬಡ ಮೆಕ್ಯಾನಿಕ್ ಒಬ್ಬನ ಮಗ. ರಂಗದ ಮೇಲೆ ಮೊದಲು ಹಾಡಿದ್ದು 1895ರಲ್ಲಿ, ತನ್ನೂರಿನ ನುವೊವೊ ಎಂಬ ರಂಗಮಂದಿರದಲ್ಲಿ. ಅಂದು ಹಾಡಿದ ಒಪೆರಾದ, ಎಂದರೆ ಹಾಡುನಾಟಕದ, ಹೆಸರು ಇಂದು ಯಾರ ಬಾಯಲ್ಲೂ ಇಲ್ಲ. ಆರೇಳು ವರ್ಷ ಊರೂರು ಸುತ್ತಿ ದುಡಿದ ಮೇಲೆ, 1901ರ ಡಿಸೆಂಬರಿನಲ್ಲಿ ನೇಪಲ್ಸಿನ ಸಾನ್ ಕಾರ್ಲೊ ರಂಗಮಂದಿರದಲ್ಲಿ ದೊನಿಜೆತ್ತಿಯ ‘ಲೆಲಿಸಿರ್ ದಾಮೊರೆ’ ಒಪೆರಾ ಹಾಡಿದ. ಹುಟ್ಟಿದೂರು ಅವನನ್ನು ಎದೆಗಪ್ಪಿಕೊಳ್ಳಲಿಲ್ಲ, ಪತ್ರಿಕೆಗಳೂ ಚುಚ್ಚಿದವು. ಇನ್ನು ಈ ಊರಿನಲ್ಲಿ ಹಾಡುವುದಿಲ್ಲ, ಬಂದರೆ ಊಟಕ್ಕೆ ಮಾತ್ರ ಎಂದು ಆಣೆಯಿಟ್ಟ. ಸಾಯುವವರೆಗೂ ಆ ಮಾತು ಮುರಿಯಲಿಲ್ಲ.

ಅವನನ್ನು ಹೋಟೆಲಿಗೆ ಕರೆಸಿದವನು ಫ್ರೆಡ್ ಗೈಸ್‌ಬರ್ಗ್. ಲಂಡನ್ನಿನ ಗ್ರಾಮಫೋನ್ ಕಂಪನಿಗೆ ಹಾಡು ಮುದ್ರಿಸಿಕೊಳ್ಳಲು ದೇಶ ದೇಶ ಸುತ್ತುತ್ತಿದ್ದ ಅಮೆರಿಕದವನು. ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಕರುಸೊನ ಹಾಡು ಕೇಳಿ ಮನಸೋತಿದ್ದ. ಹತ್ತು ಹಾಡಿಗೆ ನೂರು ಪೌಂಡು ಕೊಡಬೇಕೆಂದು ಕರುಸೊ ಕೇಳಿದ. ಗೈಸ್‌ಬರ್ಗ್ ಲಂಡನ್ನಿಗೆ ತಂತಿ ಕಳಿಸಿದ. ಹಣ ವಿಪರೀತವಾಯಿತು, ಮುದ್ರಿಸಕೂಡದು ಎಂದು ಮರುತಂತಿ ಬಂತು. ಅದನ್ನು ಬದಿಗಿಟ್ಟು ಗೈಸ್‌ಬರ್ಗ್ ಕೆಲಸಕ್ಕಿಳಿದ. ಮುಂದೆ ತನ್ನ ನೆನಪಿನ ಪುಸ್ತಕದಲ್ಲಿ ಇದನ್ನೆಲ್ಲ ಅವನೇ ಬರೆದಿದ್ದಾನೆ.

ಎರಡೇ ಗಂಟೆಯಲ್ಲಿ ಹತ್ತು ಹಾಡು ಮುಗಿದವು. ಒಂದೊಂದೂ ಎರಡು ಮೂರು ನಿಮಿಷದ್ದು. ಮೇಣದ ಮೇಲೆ ಕೊರೆದದ್ದನ್ನು ತಿದ್ದುವಂತಿಲ್ಲ, ತಪ್ಪಿದರೆ ಆ ತಟ್ಟೆ ಹೋಯಿತೆಂದೇ ಲೆಕ್ಕ. ಮೊದಲು ಹಾಡಿದ್ದು, ಲಾ ಸ್ಕಾಲಾದಲ್ಲಿ ಆಗಷ್ಟೇ ರಂಗಕ್ಕೆ ಬಂದಿದ್ದ ಫ್ರಾಂಕೆತ್ತಿಯ ‘ಜೆರ್ಮಾನಿಯಾ’ ಒಪೆರಾದ ಹಾಡು. ಆದರೆ ನನ್ನ ಮನಸ್ಸು ಹೋಗುವುದು ಆ ಹತ್ತರಲ್ಲಿ ಇನ್ನೊಂದರ ಕಡೆಗೆ. ‘ಊನಾ ಫುರ್ತೀವಾ ಲಾಗ್ರಿಮಾ’, ಕದ್ದು ಸುರಿದ ಕಣ್ಣಹನಿಯ ಹಾಡು. ನೇಪಲ್ಸಿನಲ್ಲಿ ಅವಮಾನವಾಗಿತ್ತಲ್ಲ, ಅದೇ ಒಪೆರಾದ್ದು. ಆ ಗಾಯಕ್ಕೆ ಇನ್ನೂ ನಾಲ್ಕು ತಿಂಗಳೂ ತುಂಬಿರಲಿಲ್ಲ.

ಇಂದು ಕೇಳಿದರೆ ಮೊದಲು ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂಥ ಸದ್ದು, ಅದರ ಹಿಂದೆ ಎಲ್ಲೋ ದೂರದ ಪಿಯಾನೊ. ಆಮೇಲೆ ಆ ಕಂಠ ಎದ್ದು ಬರುತ್ತದೆ ನೋಡಿ, ಸಾಸಿವೆ ಸಿಡಿಯುವುದು ಮರೆತೇ ಹೋಗುತ್ತದೆ. ಅಂದಿನ ಕೊಳವೆ ಪಿಟೀಲನ್ನು ಸೊರಗಿಸುತ್ತಿತ್ತು, ಹೆಂಗಸರ ತಾರಸ್ವರವನ್ನು ಕೀರಲು ಮಾಡುತ್ತಿತ್ತು. ಗಂಡು ದನಿಯಲ್ಲಿ ಎತ್ತರದ್ದಾದರೂ ಬುಡದಲ್ಲಿ ಗಾಢವಾಗಿದ್ದ ಕರುಸೊನ ಟೆನರ್ ಕಂಠ ಮಾತ್ರ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ದೊಡ್ಡ ಗಾಯಕರು ಆಟಿಕೆ ಎಂದು ತಳ್ಳಿಹಾಕಿದ್ದ ಯಂತ್ರಕ್ಕೆ ಅಂದು ಮಾನ ಬಂತು, ಹಾಡಿದವನಿಗೆ ಜಗತ್ತು ಸಿಕ್ಕಿತು. ಮೇ ತಿಂಗಳಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರ, ಮರುವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ. ಅಲ್ಲಿ ಆತ ಎಂಟುನೂರಕ್ಕೂ ಹೆಚ್ಚು ಬಾರಿ ಹಾಡಿದ. ರಂಗಮಂದಿರದ ಮೆಟ್ಟಿಲನ್ನೇ ಹತ್ತದವರ ಮನೆಗಳಲ್ಲೂ ಅವನ ತಟ್ಟೆ ತಿರುಗಿತು. 1921ರಲ್ಲಿ, 48ನೇ ವಯಸ್ಸಿನಲ್ಲಿ, ಮುನಿಸಿಕೊಂಡಿದ್ದ ನೇಪಲ್ಸಿಗೇ ಬಂದು ಕಣ್ಣುಮುಚ್ಚಿದ.

ಈ ಕಥೆಯ ಒಂದು ಎಳೆ ನಮ್ಮ ಮೈಸೂರಿನವರೆಗೂ ಬಂದಿದೆ. ಅದೇ ಗೈಸ್‌ಬರ್ಗ್ ಆ 1902ರಲ್ಲೇ ಹಡಗು ಹತ್ತಿ ಭಾರತಕ್ಕೆ ಬಂದ. ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಂಥದೇ ಕೊಳವೆಯ ಮುಂದೆ ಗಾಯಕಿ ಗೌಹರ್ ಜಾನ್ ಅವರನ್ನು ಹಾಡಿಸಿದ. ತಾಸುಗಟ್ಟಲೆ ಬೆಳೆಯಬಲ್ಲ ರಾಗವನ್ನು ಅವರು ಮೂರು ನಿಮಿಷದ ಬೊಗಸೆಯಲ್ಲಿ ಹಿಡಿದು ಕೊಟ್ಟರು. ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ಮೇಣದ ಅಚ್ಚು ಜರ್ಮನಿಯ ಹ್ಯಾನೋವರಿನ ಕಾರ್ಖಾನೆಗೆ ಹೋಗಬೇಕಿತ್ತು, ಹಾಡಿದವರು ಯಾರೆಂದು ಅಲ್ಲಿಯವರಿಗೆ ತಿಳಿಯಬೇಕಲ್ಲ! ಕರುಸೊ, ಗೈಸ್‌ಬರ್ಗ್, ಗೌಹರ್ ಜಾನ್ ಮೂವರೂ 1873ರಲ್ಲಿ ಹುಟ್ಟಿದವರು ಎಂದು ಲೆಕ್ಕ ಹಾಕಿದಾಗ ನನಗೆ ಮೈ ಜುಮ್ಮೆಂದಿತು. ಮೂರು ನಾಡಿನ ಮೂವರು ಓರಗೆಯವರು ಒಂದೇ ವರ್ಷದಲ್ಲಿ ಸಂಗೀತವನ್ನು ಮನೆಯ ಜಗಲಿಗೆ ತಂದಿಟ್ಟರು.

ಗೌಹರ್ ಜಾನ್ ಅವರ ಬಾಳಿನ ಕೊನೆಗಾಲದಲ್ಲಿ ಆಸರೆ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. 1928ರಲ್ಲಿ ಮೈಸೂರು ಅರಮನೆಯ ವಿದುಷಿಯಾಗಿ ಬಂದ ಅವರು 1930ರ ಜನವರಿ 17ರಂದು ಮೈಸೂರಿನಲ್ಲೇ ತೀರಿಕೊಂಡರು.

ಕರುಸೊ, ಗೌಹರ್ ಜಾನ್ ಇಬ್ಬರ ದನಿಯೂ ಇಂದು ಫೋನಿನಲ್ಲೇ ಸಿಗುತ್ತದೆ, ಇವತ್ತು ಸಂಜೆ ಒಮ್ಮೆ ಕೇಳಿ. ನಿಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ಗ್ರಾಮಫೋನ್ ಪ್ಲೇಟುಗಳಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.