ಸಂಪರ್ಕ ಕಡಿದಾಗ ಗಾಡಿ ಏನು ಮಾಡುತ್ತದೆ?

ಮೊದಲು ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ನಿಮ್ಮ ಮಗನೋ ಮಗಳೋ ಮನೆಯಿಂದ ಹೊರಟ ಮೇಲೆ ದಿನಕ್ಕೆ ಎಷ್ಟು ಸಲ ಫೋನು ಮಾಡುತ್ತೀರಿ? ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ನಮ್ಮ ಮಕ್ಕಳನ್ನು ಬೆಂಗಳೂರಿಗೆ ಕೊಂಡೊಯ್ಯುತ್ತದೆ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲಂತೂ ಕೆ.ಜಿ.ಎಫ್.ನ ಎಷ್ಟೋ ಮನೆಗಳ ಅನ್ನ ಈ ರೈಲಿನಲ್ಲೇ ಹೋಗಿ ಬರುತ್ತಿದೆ. ಬಂಗಾರಪೇಟೆ ದಾಟಿದಾಗ ಒಂದು ಕರೆ, ಕೆಲಸಕ್ಕೆ ಸೇರಿದಾಗ ಒಂದು ಕರೆ, ಊಟದ ಹೊತ್ತಿಗೆ ಇನ್ನೊಂದು. ಕರೆ ಸಿಗದಿದ್ದರೆ ತಾಯಿಯ ಎದೆ ಹೊಡೆದುಕೊಳ್ಳುತ್ತದೆ. ಇದು ಪ್ರೀತಿಯೇ, ತಪ್ಪಲ್ಲ. ಆದರೆ ಕರೆ ಸಿಗದ ಆ ಹೊತ್ತಿನಲ್ಲಿ ನಮ್ಮ ಮಗು ಏನು ಮಾಡುತ್ತದೆ ಎಂದು ನಾವು ಯೋಚಿಸಿದ್ದೇವೆಯೇ? ನಾನು ಯೋಚಿಸಿರಲಿಲ್ಲ. ಒಂದು ಆಟದ ಗಾಡಿ ನನಗೆ ಅದನ್ನು ಕಲಿಸಿತು.

ಬಂಗಾರಪೇಟೆಯಲ್ಲಿರುವ ನನ್ನ ಮಗಳ ಮಗ ಪ್ರತಿ ಶನಿವಾರ ಕೆ.ಜಿ.ಎಫ್.ಗೆ ನಮ್ಮ ಮನೆಗೆ ಬರುತ್ತಾನೆ. ಅವನಿಗೆ ಹದಿಮೂರು ವರ್ಷ. ರೇಡಿಯೊ ಸಂಕೇತದಿಂದ ಓಡುವ ಆರು ಚಕ್ರದ ಲಾರಿಯೊಂದನ್ನು ಅವನ ತಂದೆ ಹುಟ್ಟುಹಬ್ಬಕ್ಕೆ ಕೊಡಿಸಿದ್ದರು. ಅದಕ್ಕೆ ಹಿಂದೆ ಕಟ್ಟಲು ಮಣ್ಣು ಸುರಿಯುವ ಟಿಪ್ಪರ್ ಟ್ರೈಲರ್ ಬೇಕೆಂದು ಹುಡುಗ ಹಟ ಹಿಡಿದ. ಈ ಆಸೆ ನಮ್ಮ ಊರಿನ ಮಕ್ಕಳಿಗೆ ಬರುವುದು ಸಹಜ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಕಾರ್ಖಾನೆಯ ಬುಲ್ಡೋಜರ್‌ಗಳನ್ನೂ ಅಗೆಯುವ ಯಂತ್ರಗಳನ್ನೂ ನೋಡುತ್ತಲೇ ಇಲ್ಲಿಯವರು ಬೆಳೆದಿದ್ದಾರೆ. ಅದಕ್ಕೂ ಮೊದಲು, ಗಣಿಯ ಆಳದಿಂದ ಅದಿರು ತುಂಬಿಕೊಂಡು ಮೇಲೆ ಬಂದು ತನ್ನಷ್ಟಕ್ಕೆ ಬಾಗಿ ಸುರಿಯುತ್ತಿದ್ದ ಕಬ್ಬಿಣದ ತೊಟ್ಟಿಗಳನ್ನು ನಮ್ಮ ಹಿರಿಯರು ಕಂಡಿದ್ದರು. ತುಂಬುವುದು, ಎತ್ತುವುದು, ಸುರಿಯುವುದು ಈ ನೆಲದ ಹಳೆಯ ಕಸುಬು.

ಫಿಟ್ಟರ್ ಕೆಲಸ ಮಾಡಿ ನಿವೃತ್ತನಾದ ನನಗೆ ಕೈ ತುರಿಸಿತು. ಹದಿನಾಲ್ಕರಲ್ಲಿ ಒಂದು ಪಾಲಿನ ಅಳತೆ ಹಿಡಿದೆ. ಏಳು ಮೀಟರಿನ ಟ್ರೈಲರ್ ಅರ್ಧ ಮೀಟರಿಗೆ ಇಳಿಯಿತು. ಉದ್ದ, ಅಗಲ, ಎತ್ತರ ಮೂರೂ ಹದಿನಾಲ್ಕು ಪಟ್ಟು ಕುಗ್ಗುವುದರಿಂದ ಭಾರ 2,744 ಪಟ್ಟು ಕುಗ್ಗಬೇಕು. ಅಂದರೆ 25 ಟನ್ ಹೊರುವ ಗಾಡಿಯ ಮಾದರಿ ಸುಮಾರು 9 ಕಿಲೊ ಹೊರಬೇಕು. ನಮ್ಮ ತೆಳುವಾದ ಅಚ್ಚುಗಳನ್ನು ನೋಡಿ ನಾನು 4 ಕಿಲೊಗೆ ಮಿತಿ ಹಾಕಿದೆ. ಚೌಕಟ್ಟಿಗೆ ಅಲ್ಯುಮಿನಿಯಂ ಪಟ್ಟಿ, ತೊಟ್ಟಿಗೆ 1 ಮಿಲಿಮೀಟರ್ ದಪ್ಪದ ತಗಡು, ಹಿಂಬದಿಯಲ್ಲಿ ಕೀಲು. ಒಣ ಮರಳಿನ ರಾಶಿ ಸುಮಾರು 34 ಡಿಗ್ರಿ ಇಳಿಜಾರಿನವರೆಗೂ ಜಾರದೆ ನಿಲ್ಲುತ್ತದೆ. ಆದ್ದರಿಂದ ತೊಟ್ಟಿಯನ್ನು 50 ಡಿಗ್ರಿಯವರೆಗೆ ಎತ್ತುವಂತೆ ಮಾಡಿದೆ.

ಎತ್ತುವುದಕ್ಕೆ ಎಣ್ಣೆಯ ಜಾಕಿನ ಬದಲು ಒಂದು ಪುಟ್ಟ ಮೋಟಾರು, 6 ಮಿಲಿಮೀಟರಿನ ತಿರುಪಿನ ಕಂಬಿ, ಅದರ ಮೇಲೆ ಸಾಗುವ ಒಂದು ನಟ್ಟು. ಕಂಬಿ ಒಂದು ಸುತ್ತು ತಿರುಗಿದರೆ ನಟ್ಟು 1 ಮಿಲಿಮೀಟರ್ ಮಾತ್ರ ಸಾಗುತ್ತದೆ. ನಿಧಾನ ನಿಜ. ಆದರೆ ಇದರಲ್ಲೊಂದು ದೊಡ್ಡ ಗುಣವಿದೆ. ತೊಟ್ಟಿ ಅರ್ಧ ಎದ್ದಿರುವಾಗ ಬ್ಯಾಟರಿ ಮುಗಿದರೂ ಭಾರ ಕೆಳಗೆ ಕುಸಿಯುವುದಿಲ್ಲ. ತಿರುಪಿನ ಸಣ್ಣ ಇಳಿಜಾರು ಅದನ್ನು ಇದ್ದಲ್ಲೇ ಹಿಡಿದುಕೊಳ್ಳುತ್ತದೆ. ಕೈಬೆರಳು ಸಿಕ್ಕೀತೆಂಬ ಭಯದಿಂದಲೇ ನಾನು ಇದನ್ನು ಆರಿಸಿಕೊಂಡಿದ್ದೆ.

ಮೂರು ತಿಂಗಳ ಶನಿವಾರಗಳು ಹೀಗೆ ಕಳೆದವು. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಳೆದವನು ನಾನು, ಕೊರೆದವನು ನಾನು, ರಿವೆಟ್ ಬಡಿದವನೂ ನಾನೇ. ಹುಡುಗ ಟಾರ್ಚ್ ಹಿಡಿದು ನಿಂತಿದ್ದ. ಅವನು ಅರ ಕೈಗೆ ತೆಗೆದುಕೊಂಡರೆ, "ಬಿಡು, ಕೆಡಿಸ್ತೀಯ" ಎನ್ನುತ್ತಿದ್ದೆ. ಗಾಡಿ ಅಂದವಾಗಿಯೇ ಆಯಿತು. ಅದನ್ನು ಬೀರುವಿನ ಮೇಲಿಟ್ಟು, ನಾನಿದ್ದಾಗ ಮಾತ್ರ, ಅಂಗಳದಲ್ಲಿ ಮಾತ್ರ ಓಡಿಸಬೇಕೆಂದು ಕಟ್ಟಪ್ಪಣೆ ಮಾಡಿದೆ.

ಒಂದು ಶನಿವಾರ ಸಂಜೆ ನಾನು ಮನೆಗೆ ಬಂದಾಗ ಗಾಡಿ ಬೀರುವಿನ ಮೇಲೇ ಇತ್ತು. ಆದರೆ ತೊಟ್ಟಿಯ ಒಂದು ಮಗ್ಗುಲು ಒಳಕ್ಕೆ ತಗ್ಗಿತ್ತು, ಕೀಲು ತಿರುಚಿತ್ತು. ಹುಡುಗನ ಮೊಣಕಾಲಿಗೆ ಬಟ್ಟೆ ಸುತ್ತಿತ್ತು. "ಬೀರುವಿನಿಂದ ಬಿತ್ತು ತಾತ, ನಾನೂ ಎಡವಿದೆ" ಎಂದ. ನಾನು ಚಕ್ರವನ್ನು ತಿರುಗಿಸಿ ನೋಡಿದೆ. ಟೈರಿನ ಸಂದುಗಳಲ್ಲಿ ನಯವಾದ ಬೂದುಬಣ್ಣದ ಹುಡಿ ತುಂಬಿತ್ತು. ಕೆ.ಜಿ.ಎಫ್.ನಲ್ಲಿ ಹುಟ್ಟಿದವರಿಗೆ ಆ ಹುಡಿಯ ಗುರುತು ಹೇಳಬೇಕಾಗಿಲ್ಲ. ಅದು ಸೈನೈಡ್ ಗುಡ್ಡದ ಮಣ್ಣು. ಅದಿರನ್ನು ಹಿಟ್ಟು ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಕಸವನ್ನು ನೂರು ವರ್ಷಕ್ಕೂ ಮೀರಿ ಅಲ್ಲಿ ರಾಶಿ ಹಾಕಲಾಗಿದೆ. ಮಳೆ ಅದನ್ನು ಕೊರೆದು ಆಳವಾದ ಕೊರಕಲುಗಳನ್ನು ಮಾಡಿದೆ. ಅಂಚು ಎಲ್ಲಿ ಕುಸಿಯುತ್ತದೆಂದು ಹೇಳಲಾಗದು. ಗಾಳಿ ಎದ್ದರೆ ಅದರ ಧೂಳನ್ನು ಉಸಿರಾಡುವುದೂ ಒಳ್ಳೆಯದಲ್ಲ. ಅಲ್ಲಿಗೆ ಹೋಗಬಾರದೆಂದು ಅವನಿಗೆ ಹತ್ತು ಸಲ ಹೇಳಿದ್ದೆ.

ನನ್ನ ಕೈ ಮೇಲೆದ್ದಿತು. ದೇವರ ದಯೆ, ಕೆಳಗಿಳಿಯಲಿಲ್ಲ. ಅಜ್ಜಿ ನಡುವೆ ಬಂದು ಅವನ ಗಾಯ ತೊಳೆಯತೊಡಗಿದಳು. ಆಗ ಅಳುತ್ತಾ ಎಲ್ಲವನ್ನೂ ಹೇಳಿದ. ಗುಡ್ಡದ ಮೇಲೆ ಗಾಡಿ ಓಡಿಸುತ್ತಿದ್ದಾಗ ಅದು ಒಂದು ದಿಬ್ಬದ ಮರೆಗೆ ಹೋಯಿತು. ಇವನು ಕೈಯಲ್ಲಿದ್ದ ನಿಯಂತ್ರಕದ ಕಡ್ಡಿಯನ್ನು ಬಿಟ್ಟ. ಗಾಡಿ ನಿಲ್ಲಲಿಲ್ಲ. ಓಡುತ್ತಲೇ ಹೋಗಿ ಕೊರಕಲಿಗೆ ಬಿತ್ತು. ಅದನ್ನು ತರಲು ಇವನು ಕೊರಕಲಿಗೆ ಇಳಿದ, ಜಾರಿದ. ಮೊಣಕಾಲು ತರಚಿದ್ದಷ್ಟೇ ನಮ್ಮ ಭಾಗ್ಯ.

"ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ಅದು ನಿಮ್ಮ ಗಾಡಿ ತಾತ. ಹೇಳಿದ್ರೆ ಮತ್ತೆ ಮುಟ್ಟೋಕೇ ಬಿಡ್ತಿರಲಿಲ್ಲ" ಎಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎದ್ದು ಗಾಡಿಯ ರೇಡಿಯೊ ಭಾಗವನ್ನು ಬಿಚ್ಚಿ ಕುಳಿತೆ. ಈಗಿನ ಇಂಥ ಗಾಡಿಗಳು ಹೆಚ್ಚಾಗಿ 2.4 ಗಿಗಾಹರ್ಟ್ಸ್ ಅಲೆಯಲ್ಲಿ ಸಂಕೇತ ಪಡೆಯುತ್ತವೆ. ನಡುವೆ ಮಣ್ಣಿನ ದಿಬ್ಬ ಬಂದರೆ ಆ ಅಲೆ ಕಡಿಯಬಹುದು. ಕಡಿದಾಗ ಗಾಡಿ ಏನು ಮಾಡಬೇಕೆಂಬುದನ್ನು ಮೊದಲೇ ನಿಗದಿ ಮಾಡಿಡುವ ವ್ಯವಸ್ಥೆಯೊಂದು ಅದರಲ್ಲಿದೆ. ಅದಕ್ಕೆ ಫೇಲ್‌ಸೇಫ್ ಎನ್ನುತ್ತಾರೆ. ನಿಗದಿ ಮಾಡದಿದ್ದರೆ ಕೆಲವು ಗಾಡಿಗಳು ತಮಗೆ ಬಂದ ಕೊನೆಯ ಆಜ್ಞೆಯನ್ನೇ ಹಿಡಿದುಕೊಂಡು ಓಡುತ್ತವೆ. ಕೊನೆಯ ಆಜ್ಞೆ "ಮುಂದೆ ಹೋಗು" ಎಂದಿತ್ತು. ಗಾಡಿ ಮುಂದೆ ಹೋಯಿತು. ಅದನ್ನು ನಿಗದಿ ಮಾಡಬೇಕಾಗಿದ್ದವನು ನಾನು. ಮಾಡಿರಲಿಲ್ಲ. ಶಕ್ತಿ ಹೋದರೂ ತೊಟ್ಟಿ ಬೀಳದಂತೆ ತಿರುಪು ಹಾಕಿದ ಜಾಣ, ಸಂಕೇತ ಹೋದರೆ ಗಾಡಿ ನಿಲ್ಲುವಂತೆ ಮಾಡಲು ಮರೆತಿದ್ದೆ. ಗಾಡಿಯಲ್ಲಿ ಮಾತ್ರವಲ್ಲ, ಹುಡುಗನಲ್ಲೂ. "ಅಲ್ಲಿಗೆ ಹೋಗಬೇಡ" ಎಂದಿದ್ದೆ. ಕೊರಕಲಿನ ಅಪಾಯವನ್ನು ಅವನ ಪಕ್ಕದಲ್ಲಿ ಕುಳಿತು ವಿವರಿಸಿರಲಿಲ್ಲ. "ಮುಟ್ಟಬೇಡ" ಎಂದಿದ್ದೆ; ಮುಟ್ಟಿ ಕೆಡಿಸಿದರೂ ನನ್ನ ಬಳಿಗೆ ಬರಬಹುದೆಂಬ ಧೈರ್ಯ ಕೊಟ್ಟಿರಲಿಲ್ಲ. ನಾನು ಕಣ್ಮರೆಯಾದ ಕೂಡಲೇ ಅವನ ಬಳಿ ಉಳಿದದ್ದು ಭಯ ಮತ್ತು ಸುಳ್ಳು ಮಾತ್ರ.

ಪ್ರಿಯ ಓದುಗರೇ, ದೇವರು ನಮ್ಮನ್ನು ನಡೆಸುವ ರೀತಿ ಹೀಗಿದೆಯೇ? ಲೂಕನ ಶುಭಸಂದೇಶದ ಹದಿನೈದನೇ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ತಂದೆಯನ್ನು ನೆನೆಯಿರಿ. ಕಿರಿಯ ಮಗ ಆಸ್ತಿಯ ಪಾಲು ಕೇಳಿದ. ತಂದೆ ಕೊಟ್ಟ. ಮಗ ದೂರ ದೇಶಕ್ಕೆ ಹೋದ. ಅವನ ಹಿಂದೆ ತಂದೆ ಆಳುಗಳನ್ನು ಅಟ್ಟಲಿಲ್ಲ. ಸಂಪರ್ಕ ಪೂರ್ತಿ ಕಡಿದು ಹೋಗಿತ್ತು. ಆದರೂ ಹಂದಿಗಳ ನಡುವೆ ಹಸಿದು ಕುಳಿತಾಗ ಮಗನಿಗೆ ನೆನಪಾದದ್ದೇನು? ತಂದೆಯ ಮನೆಯಲ್ಲಿ ಆಳುಗಳಿಗೂ ಹೊಟ್ಟೆ ತುಂಬ ಊಟವಿದೆ ಎಂಬುದು. ಆ ನೆನಪನ್ನು ಅವನೊಳಗೆ ಇಟ್ಟವನು ತಂದೆಯೇ, ಅದೂ ಮಗ ಮನೆಯಲ್ಲಿದ್ದ ದಿನಗಳಲ್ಲಿ. ಹಿಂದಿರುಗಿ ಹೋದರೆ ಬಾಗಿಲು ತೆರೆದೀತು ಎಂಬ ಭರವಸೆ ಇಲ್ಲದಿದ್ದರೆ ಅವನು ಅಲ್ಲೇ ಉಳಿಯುತ್ತಿದ್ದ.

ಪವಿತ್ರ ಕುಟುಂಬಕ್ಕೂ ಇಂಥ ಮೂರು ದಿನಗಳು ಬಂದವು. ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲೇ ಉಳಿದದ್ದು ಮರಿಯ ಮತ್ತು ಜೋಸೆಫರಿಗೆ ಒಂದು ದಿನದ ದಾರಿ ನಡೆದ ಮೇಲೆ ತಿಳಿಯಿತು. ಎಂಥ ಕಳವಳ! ಆದರೆ ಸಿಕ್ಕಿದ್ದು ಎಲ್ಲಿ? ದೇವಾಲಯದಲ್ಲಿ. ಬಳಿಕ ಅವರು ನಜರೇತಿಗೆ ಹಿಂದಿರುಗಿ ತಂದೆತಾಯಿಗೆ ವಿಧೇಯರಾಗಿದ್ದರೆಂದು ಶುಭಸಂದೇಶ ಹೇಳುತ್ತದೆ. ನಜರೇತಿನ ಜನ ಯೇಸುವನ್ನೂ ಬಡಗಿಯೆಂದು ಕರೆದರೆಂದು ಮಾರ್ಕನು ಬರೆದಿದ್ದಾನೆ. ಅಂದರೆ ಜೋಸೆಫರ ಮನೆಯಲ್ಲಿ ಉಳಿಯನ್ನು ಮಗನ ಕೈಗೆ ಕೊಟ್ಟಿದ್ದರು. ಆ ಮನೆಯ ಮಗ ಟಾರ್ಚ್ ಹಿಡಿದು ನಿಂತವನಲ್ಲ!

1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯು ಮನಸ್ಸಾಕ್ಷಿಯ ಬಗ್ಗೆ ಬೋಧಿಸಿದಾಗ, ಅದು ಮನುಷ್ಯ ದೇವರೊಡನೆ ಒಬ್ಬನೇ ಇರುವ ಅಂತರಂಗದ ಸ್ಥಳ ಎಂಬ ಅರ್ಥದಲ್ಲಿ ಹೇಳಿತು. ಅಲ್ಲಿಗೆ ತಂದೆಗೂ ಪ್ರವೇಶವಿಲ್ಲ, ತಾತನಿಗೂ ಇಲ್ಲ. 2016ರಲ್ಲಿ ಅಂದಿನ ಜಗದ್ಗುರು ಪೋಪ್ ಫ್ರಾನ್ಸಿಸ್‌ರವರು ಕುಟುಂಬವನ್ನು ಕುರಿತು ಹೊರಡಿಸಿದ 'ಅಮೋರಿಸ್ ಲೆತೀತ್ಸಿಯಾ' ಪತ್ರದಲ್ಲಿ ತಂದೆತಾಯಂದಿರಿಗೆ ಇದನ್ನೇ ನೆನಪಿಸಿದರು. ಮಕ್ಕಳ ಪ್ರತಿಯೊಂದು ಹೆಜ್ಜೆಯನ್ನೂ ಹಿಡಿತದಲ್ಲಿಡುವ ಗೀಳು ಶಿಕ್ಷಣವಲ್ಲ. ಮಗು ಈಗ ಯಾವ ಜಾಗದಲ್ಲಿದೆ ಎಂಬುದಕ್ಕಿಂತ ಅದರ ಮನಸ್ಸು, ಅದರ ಗುರಿ ಎಲ್ಲಿದೆ ಎಂಬುದು ದೊಡ್ಡ ಪ್ರಶ್ನೆ ಎಂಬುದು ಅವರ ಮಾತಿನ ಸಾರ.

"ಹಾಗಾದರೆ ಮಕ್ಕಳನ್ನು ಇಷ್ಟ ಬಂದಂತೆ ಬಿಟ್ಟುಬಿಡಬೇಕೇ?" ಎಂದು ನೀವು ಕೇಳಬಹುದು. ಖಂಡಿತ ಅಲ್ಲ. ನಮ್ಮ ಟ್ರೈಲರಿನ ಜಾಕಿಗೆ ಎರಡು ತುದಿಯಲ್ಲೂ ಮೋಟಾರನ್ನು ತಡೆಯುವ ಸ್ವಿಚ್ಚುಗಳಿವೆ. ಅವು ಇಲ್ಲದಿದ್ದರೆ ಯಂತ್ರ ತನ್ನನ್ನು ತಾನೇ ಮುರಿದುಕೊಳ್ಳುತ್ತದೆ. ಮಕ್ಕಳಿಗೂ ಎಲ್ಲೆ ಬೇಕು. ಸೈನೈಡ್ ಗುಡ್ಡಕ್ಕೆ ಹೋಗಬಾರದೆಂಬ ನಿಯಮ ಅಂದೂ ಸರಿ, ಇಂದೂ ಸರಿ. ಹುಡುಗ ಮಾಡಿದ್ದು ತಪ್ಪೇ. ಸುಳ್ಳು ಹೇಳಿದ್ದಂತೂ ಇನ್ನೂ ದೊಡ್ಡ ತಪ್ಪು. ಅದಕ್ಕಾಗಿ ಒಂದು ತಿಂಗಳು ಅವನು ಗಾಡಿ ಓಡಿಸಲಿಲ್ಲ. ಆದರೆ ಎಲ್ಲೆ ಹಾಕುವುದು ಕೆಲಸದ ಅರ್ಧ ಭಾಗ. ಆ ಎಲ್ಲೆಯನ್ನು ಮಗು ತನ್ನೊಳಗೆ ತಾನೇ ಹೊತ್ತು ನಡೆಯುವಂತೆ ಮಾಡುವುದು ಉಳಿದರ್ಧ. ಮೊದಲರ್ಧ ಸುಲಭ, ಆದ್ದರಿಂದ ನಾವು ಅಲ್ಲಿಗೇ ನಿಲ್ಲಿಸುತ್ತೇವೆ.

ಆ ಉಳಿದರ್ಧವನ್ನು ಹೇಗೆ ಮಾಡುವುದು? ಇದನ್ನೂ ಆ ಗಾಡಿಯೇ ತೋರಿಸಿತು. ನಮ್ಮ ಗಾಡಿಯಲ್ಲಿ ಫೇಲ್‌ಸೇಫ್ ನಿಗದಿ ಮಾಡುವುದು ಸಂಪರ್ಕ ಕಡಿದ ಮೇಲಲ್ಲ. ಸಂಪರ್ಕ ಚೆನ್ನಾಗಿ ಇರುವಾಗಲೇ. ಗಾಡಿಯನ್ನು ಹತ್ತಿರ ಇಟ್ಟುಕೊಂಡು, ನಿಯಂತ್ರಕದ ಕಡ್ಡಿಯನ್ನು ಸರಿಯಾದ ಸ್ಥಾನದಲ್ಲಿ ಹಿಡಿದು ಗುಂಡಿ ಒತ್ತಬೇಕು. ಆ ಕ್ಷಣದಲ್ಲಿ ನಮ್ಮ ಕೈ ಎಲ್ಲಿದೆಯೋ ಅದನ್ನೇ ಗಾಡಿ ನೆನಪಿಟ್ಟುಕೊಳ್ಳುತ್ತದೆ. ನಮ್ಮ ಕೈ ವೇಗದ ಮೇಲಿದ್ದರೆ ಅದು ವೇಗವನ್ನೇ ನೆನಪಿಡುತ್ತದೆ.

ಮನೆಯಲ್ಲೂ ಹಾಗೆಯೇ ಅಲ್ಲವೇ? ಮಕ್ಕಳು ಇನ್ನೂ ನಮ್ಮ ಪಕ್ಕದಲ್ಲಿರುವಾಗ, ಸಂಜೆಯ ಜಪಸರದ ಹೊತ್ತಿನಲ್ಲಿ, ಊಟದ ಹೊತ್ತಿನಲ್ಲಿ ನಮ್ಮ ಕೈ ಎಲ್ಲಿದೆ? ಸಾಲ ಕೇಳಲು ಬಂದವರಿಗೆ "ಅಪ್ಪ ಮನೆಯಲ್ಲಿಲ್ಲ ಎನ್ನು" ಎಂದು ಮಗುವಿನ ಬಾಯಲ್ಲಿ ಹೇಳಿಸಿದರೆ, ನಾಳೆ ನಾವಿಲ್ಲದಾಗ ಅದು ಅದನ್ನೇ ಹೇಳುತ್ತದೆ. ತಪ್ಪು ಮಾಡಿದ ತಂದೆ ಮಕ್ಕಳ ಎದುರಿಗೇ ತಾಯಿಯ ಕ್ಷಮೆ ಕೇಳಿದರೆ ಅದನ್ನೂ ನೆನಪಿಟ್ಟುಕೊಳ್ಳುತ್ತದೆ. ಆ ವಾರ ನಾನು ಮೊದಲು ಗುರುಗಳ ಬಳಿ ಪಾಪನಿವೇದನೆ ಮಾಡಿದೆ. ನಂತರ ಮನೆಗೆ ಬಂದು, ಗಾಡಿಯ ಫೇಲ್‌ಸೇಫ್ ಹಾಕದೆ ಬಿಟ್ಟದ್ದು ನನ್ನ ತಪ್ಪೆಂದು ಮೊಮ್ಮಗನಿಗೆ ಹೇಳಿದೆ. ಅವನು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. ತಾತನೂ ತಪ್ಪು ಮಾಡಬಹುದು, ಮಾಡಿದ್ದನ್ನು ಹೇಳಿಕೊಳ್ಳಬಹುದು ಎಂಬುದು ಅವನಿಗೆ ಹೊಸ ಸುದ್ದಿಯಾಗಿತ್ತು.

ಹಳೆಯ ತೊಟ್ಟಿಯನ್ನು ನಾವು ನೆಟ್ಟಗೆ ಮಾಡಲಿಲ್ಲ. ಎರಡನೆಯದನ್ನು ಅವನು ಮಾಡಿದ. ಈ ಸಲ ಟಾರ್ಚ್ ಹಿಡಿದವನು ನಾನು. ಕೀಲು 2 ಮಿಲಿಮೀಟರ್ ಓರೆಯಾಯಿತು. ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಅದು ಗಾಡಿ ಮಾಡುವುದಕ್ಕಿಂತ ಕಷ್ಟದ ಕೆಲಸ. ಹಿಂಬಾಗಿಲು ಒಂದು ಬದಿಗೆ ಜೋತು ಬೀಳುತ್ತದೆ, ಮರಳು ಸುರಿಯುವಾಗ ಸ್ವಲ್ಪ ಎಡಕ್ಕೆ ಚೆಲ್ಲುತ್ತದೆ. ಆದರೆ ಸುರಿಯುತ್ತದೆ.

ಆ ಗಾಡಿ ಈಗ ಬಂಗಾರಪೇಟೆಯಲ್ಲಿ, ಅವನ ಮನೆಯಲ್ಲೇ ಇದೆ. ಕೊಂಡೊಯ್ಯುವ ಮೊದಲು ಅವನು ಲಾರಿಯನ್ನು ಮಣೆಯ ಮೇಲಿಟ್ಟು, ಚಕ್ರಗಳನ್ನು ನೆಲ ಬಿಟ್ಟು ಎತ್ತಿ ಓಡಿಸಿದ. ಚಕ್ರಗಳು ರಭಸದಿಂದ ತಿರುಗುತ್ತಿದ್ದಾಗ, ನಾನು ಹೇಳದೆಯೇ, ತನ್ನ ಕೈಯ ನಿಯಂತ್ರಕವನ್ನು ಆರಿಸಿದ. ಕ್ಷಣ ಮಾತ್ರ ತಿರುಗಿ ಚಕ್ರಗಳು ತಾವೇ ನಿಂತವು. "ಈಗ ಸರಿ ತಾತ" ಎಂದ.

ಈ ವಾರ ನಿಮ್ಮ ಮಗುವಿಗೆ ಮಾಡುವ ಕರೆಗಳಲ್ಲಿ ಒಂದನ್ನು ಕಡಿಮೆ ಮಾಡಿ. ಆ ಹೊತ್ತನ್ನು ಉಳಿಸಿಟ್ಟು, ಮಗು ಮನೆಗೆ ಬಂದಾಗ ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮ್ಮ ಕೈಯ ಕೆಲಸವೊಂದನ್ನು ಅದರ ಕೈಗೆ ಕೊಡಿ, ಕೆಟ್ಟರೆ ಕೆಡಲಿ. ನಮ್ಮ ಸಂಕೇತ ತಲುಪದ ಜಾಗಗಳು ಎಲ್ಲ ಮಕ್ಕಳ ದಾರಿಯಲ್ಲೂ ಇವೆ. ಅಲ್ಲಿಯೂ ದೇವರು ಅವರ ಜೊತೆ ಇರುತ್ತಾರೆ. ಅವರ ದನಿ ಕೇಳಿಸಿಕೊಳ್ಳುವ ಕಿವಿಯನ್ನು ಮಕ್ಕಳಿಗೆ ಕಲಿಸುವ ಭಾರ ಮಾತ್ರ ನಮ್ಮದು. ಸಂತ ಜೋಸೆಫರು ನಮಗೆ ಆ ತಾಳ್ಮೆಯನ್ನು ಬೇಡಿಕೊಡಲಿ.