ಬಸುರಿಯ ಬಾಯೊಳಗಿನ ತಂಬಾಕು

ಪೂರ್ವ ಬಂಗಾಳದ ನಿರಾಶ್ರಿತರು ನೆಲೆಯಾದ ಆರ್.ಎಚ್. ಕ್ಯಾಂಪಿನ ಸುತ್ತ ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಭತ್ತದ ನಾಟಿ. ಬಸುರಿಯರೂ ಕೆಸರಿನಲ್ಲಿ ನಡು ಬಗ್ಗಿಸುತ್ತಾರೆ, ದವಡೆಯಲ್ಲಿ ಸುಣ್ಣ ತಿಕ್ಕಿದ ತಂಬಾಕು. "ಹಸಿವು ಸಾಯ್ತದ ತಮ್ಮಾ" ಅಂತಾರೆ. ಸುಳ್ಳಲ್ಲ, ನಿಕೋಟಿನ್ ಹಸಿವು ಕೊಲ್ಲುತ್ತದೆ. ಜಗಿದರೂ ಸೇದಿದರೂ ಅದು ರಕ್ತಕ್ಕಿಳಿದು, ಮಾಸು ದಾಟಿ ಕೂಸನ್ನು ಮುಟ್ಟುತ್ತದೆ. ಕೂಸು ತೂಕ ಕಡಿಮೆ ಹುಟ್ಟುತ್ತದೆ. ಪುಪ್ಪುಸ ಸರಿಯಾಗಿ ಬೆಳೆದಿರುವುದಿಲ್ಲ. ಮೇಲೆ ಗಂಡನ ಬೀಡಿ ಹೊಗೆ! ಎದೆ ಗೊರಗುಟ್ಟುತ್ತದೆ, ದಮ್ಮು ಹತ್ತುತ್ತದೆ.

ಡಿಗ್ರಿ ಓದಿದ ನಾವು ಇದನ್ನು ಹೇಳಬೇಕೇ? ಹೇಳಿದರೆ ಉಂಡವರ ಉಪದೇಶವಾದೀತೆಂದು ಸುಮ್ಮನಿದ್ದೆವು. ಆ ಮೌನವೂ ಮೇಲ್ಜಾತಿಯ ದಯೆಯಂಥದ್ದೇ. ಆಕೆಗೆ ತಿಳಿಯುವುದಿಲ್ಲ ಎಂದು ನಾವೇ ತೀರ್ಮಾನಿಸಿದಂತೆ. 2013ರಲ್ಲಿ ಸರ್ಕಾರ ಗುಟ್ಕಾ ನಿಷೇಧಿಸಿತು. ಅಂಗಡಿಯವರು ಅಡಿಕೆ ಬೇರೆ, ತಂಬಾಕು ಬೇರೆ ಚೀಟು ಮಾಡಿ ಮಾರಿದರು.

ಕೊನೆಗೆ ಹೇಳಿದೆವು. ಆಕೆ ಉಗುಳಿ ಕೇಳಿದಳು: "ಬಿಡ್ತೀನಿ. ಮಧ್ಯಾಹ್ನದ ರೊಟ್ಟಿ ಯಾರು ಕೊಡ್ತಾರ?" ಗುತ್ತಿಗೆಯ ಮೇಸ್ತ್ರಿ ಬದುವಿನ ಮೇಲೇ ನಿಂತಿದ್ದ. ಅವನನ್ನು ನಾವಿನ್ನೂ ಕೇಳಿಲ್ಲ.